ಅಮ್ಮನ ಹಿಡಿ ಎಷ್ಟು ಗ್ರಾಂ?

"ಸಾರಿಗೆ ಪುಡಿ ಎಷ್ಟು ಹಾಕಲಮ್ಮ?" ಎಂದು ದೂರದ ಊರಿನಿಂದ ಫೋನು ಮಾಡಿ ಕೇಳಿದರೆ ಬರುವ ಉತ್ತರ, "ನೋಡ್ಕೊಂಡು ಹಾಕು." ಉಪ್ಪು? "ಕೈಗೆ ಬಂದಷ್ಟು." ಹುಣಸೆಹಣ್ಣು? "ಒಂದು ಅಡಿಕೆ ಗಾತ್ರ ಸಾಕು ಕಣೆ." ಯಾವ ಅಮ್ಮನೂ ಮಕ್ಕಳಿಂದ ಅಳತೆಯನ್ನು ಮುಚ್ಚಿಡುವುದಿಲ್ಲ. ನಲವತ್ತು ವರ್ಷ ಅದೇ ಪಾತ್ರೆ, ಅದೇ ಸೌಟು, ಅದೇ ಒಲೆಯ ಮುಂದೆ ನಿಂತ ಮೇಲೆ ಅಳತೆ ಕೈಗೆ ಇಳಿದುಬಿಟ್ಟಿರುತ್ತದೆ, ಬಾಯಿಗೆ ಬರುವುದಿಲ್ಲ, ಅಷ್ಟೆ. ಆ ಕೈ ಇಲ್ಲವಾದ ದಿನ ಅಳತೆಯೂ ಅದರ ಜೊತೆಗೇ ಹೋಗುತ್ತದೆ.

ಹೋದ ಮೇಲೆ ಏನು ಉಳಿಯುತ್ತದೆ? ವೈಕುಂಠ ಸಮಾರಾಧನೆಯ ಕಾಗದದಲ್ಲಿ, ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಮಮತೆಯ ಮೂರ್ತಿ, ಸಹನೆಯ ಖನಿ, ಅನ್ನಪೂರ್ಣೆ ಎಂಬ ಮಾತುಗಳು. ಅವು ಸುಳ್ಳೇನೂ ಅಲ್ಲ. ಆದರೆ ಪಕ್ಕದ ಚೌಕದಲ್ಲಿರುವ ಇನ್ನೊಬ್ಬ ತಾಯಿಯ ಫೋಟೋ ಕೆಳಗೂ ಅವೇ ಮಾತುಗಳಿರುತ್ತವೆ. ನಿಮ್ಮ ಅಮ್ಮನಿಗೆ ಮಾತ್ರ ಸಲ್ಲುವ ಮಾತೆಂದರೆ, ಅವರು ಕೊತ್ತಂಬರಿ ಬೀಜವನ್ನು ಯಾವ ಸದ್ದು ಬರುವ ತನಕ ಹುರಿಯುತ್ತಿದ್ದರು, ಮುರಿದ ಹಾಲನ್ನು ಏನು ಮಾಡುತ್ತಿದ್ದರು, ಮೂವರಿಗೆ ಮಾಡಿದ ಅಡುಗೆಯನ್ನು ಐವರಿಗೆ ಹೇಗೆ ಸಾಲಿಸುತ್ತಿದ್ದರು ಎಂಬಂಥವು.

ಸರ್ಕಾರದ ಕಾಗದಗಳಲ್ಲೂ ಈ ಕೆಲಸಕ್ಕೆ ಜಾಗ ಕಡಿಮೆ. ಮನೆಗೆಲಸವೊಂದನ್ನೇ ಮಾಡುವವರನ್ನು ಜನಗಣತಿ 'ಕೆಲಸ ಮಾಡದವರು' ಎಂಬ ಪಟ್ಟಿಗೆ ಸೇರಿಸುತ್ತದೆ. ಆದರೆ ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಹೇಳುವುದು ಬೇರೆ. ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮಕ್ಕಳ, ಮುದುಕರ, ಕಾಯಿಲೆಯವರ ಆರೈಕೆ ಈ ಲೆಕ್ಕದಲ್ಲಿ ಸೇರಿಲ್ಲ, ಅದು ಬೇರೆಯೇ. ಜಮ್‌ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ದುರಂತದ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಕಟ್ಟಿತು. 2021ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಗೃಹಿಣಿ ಕೆಲಸ ಮಾಡುವುದಿಲ್ಲ ಎಂಬ ಕಲ್ಪನೆಯೇ ತಪ್ಪು ಎಂದಿತು. ತಾಯಿ ಸತ್ತ ಮೇಲೆ, ಅದೂ ಅಪಘಾತದಲ್ಲಿ ಸತ್ತ ಮೇಲೆ, ಈ ಲೆಕ್ಕ ನಡೆಯುತ್ತದೆ ಎನ್ನುವುದು ಎದೆಗೆ ಚುಚ್ಚುವ ಸಂಗತಿ. ಬದುಕಿರುವಾಗಲೇ ಮನೆಯವರು ಲೆಕ್ಕ ಬರೆದಿಡಬಹುದು. ಅದಕ್ಕೆ ಒಂದು ನೋಟು ಪುಸ್ತಕ, ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ತಕ್ಕಡಿ, ಮತ್ತೆ ಕೆಲವು ಭಾನುವಾರಗಳು ಸಾಕು.

ತಕ್ಕಡಿ ತಂದವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ಅದನ್ನು ಅಮ್ಮನ ಮುಂದಿಟ್ಟು "ಇದರ ಮೇಲೆ ಹಾಕಮ್ಮ" ಎನ್ನುತ್ತಾರೆ. ಆಗ ಕೈ ಬಿಗಿಯಾಗುತ್ತದೆ, ಹಿಡಿ ಚಿಕ್ಕದಾಗುತ್ತದೆ, ಆ ದಿನದ ಸಾರು ಸಪ್ಪೆಯಾಗುತ್ತದೆ. ತೂಗಬೇಕಾದದ್ದು ಡಬ್ಬಿಯನ್ನು. ಅಡುಗೆಗೆ ಮುಂಚೆ ಉಪ್ಪಿನ ಭರಣಿ, ಪುಡಿಯ ಡಬ್ಬಿ, ಬೇಳೆಯ ಡಬ್ಬಿಗಳನ್ನು ಒಂದೊಂದಾಗಿ ತೂಗಿ ಬರೆದಿಟ್ಟು, ಅವಿದ್ದ ಜಾಗದಲ್ಲೇ ಇಟ್ಟುಬಿಡಿ. ಅವರ ಪಾಡಿಗೆ ಅವರು ಅಡುಗೆ ಮಾಡಲಿ. ಮುಗಿದ ಮೇಲೆ ಮತ್ತೆ ತೂಗಿ. ಉಪ್ಪಿನ ಭರಣಿ 812 ಗ್ರಾಂ ಇದ್ದದ್ದು 794 ಆಗಿದ್ದರೆ ಅಮ್ಮ ಹಾಕಿದ್ದು 18 ಗ್ರಾಂ. ಹೀಗೆ ಮೂರು ದಿನ ಮಾಡಿ ನಡುವಿನ ಅಂಕಿಯನ್ನು ಇಟ್ಟುಕೊಳ್ಳಿ. ಜೊತೆಗೆ ಎಷ್ಟು ಜನರ ಅಡುಗೆ, ಯಾವ ಪಾತ್ರೆ, ಸಾರು ಪಾತ್ರೆಯಲ್ಲಿ ಎಲ್ಲಿಯತನಕ ಬಂದಿತ್ತು ಎಂಬುದನ್ನೂ ಬರೆಯಬೇಕು. ನೀರಿನ ಲೆಕ್ಕವಿಲ್ಲದ ಉಪ್ಪಿನ ಲೆಕ್ಕದಿಂದ ಉಪಯೋಗವಿಲ್ಲ.

ಉಪ್ಪು ಕಲ್ಲುಪ್ಪೋ ಪುಡಿಯುಪ್ಪೋ ಎಂಬುದನ್ನು ಮರೆಯದೆ ಬರೆಯಿರಿ. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಇರುತ್ತದೆ, ಅದೇ ಚಮಚದಲ್ಲಿ ಪುಡಿಯುಪ್ಪು ಹೆಚ್ಚು ತೂಗುತ್ತದೆ. "ಅಮ್ಮ ಎರಡು ಚಮಚ ಹಾಕ್ತಿದ್ರು" ಎಂದು ಪುಡಿಯುಪ್ಪನ್ನು ಎರಡು ಚಮಚ ಹಾಕಿದ ಸೊಸೆಯ ಕೈ ಉಪ್ಪಾಗುವುದು ಈ ಕಾರಣಕ್ಕೆ. ಅವರ ಕೈಗುಣದ ತಪ್ಪು ಅದರಲ್ಲಿ ಏನೂ ಇಲ್ಲ.

ಪಾವಿನ ವಿಷಯವೂ ಹೀಗೆಯೇ. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಅಚ್ಚೇರು, ನಾಲ್ಕು ಪಾವು ಒಂದು ಸೇರು. 1956ರ ಕಾಯ್ದೆಯಿಂದ ಅಂಗಡಿಗಳಿಗೆ ಕಿಲೋ, ಲೀಟರು ಬಂದವು. ಅಡುಗೆಮನೆಗಳಲ್ಲಿ ಪಾವು ಇವತ್ತಿಗೂ ಹೋಗಿಲ್ಲ. ಒಂದು ಮನೆಯ ಪಾವಿನಂತೆ ಇನ್ನೊಂದು ಮನೆಯದು ಇರುವುದಿಲ್ಲ. ಅಂಚು ನೆಗ್ಗಿದ್ದು, ತಳ ಉಬ್ಬಿದ್ದು ಎಲ್ಲ ಇರುತ್ತವೆ. ನಿಮ್ಮ ಮನೆಯ ಪಾವಿಗೆ ತುಂಬ ನೀರು ಹಾಕಿ ತೂಗಿ, ಖಾಲಿ ಪಾವಿನ ತೂಕವನ್ನು ಕಳೆದರೆ, ಉಳಿದದ್ದು ಎಷ್ಟು ಗ್ರಾಮೋ ಅಷ್ಟು ಮಿಲಿಲೀಟರು. ಆ ಅಂಕಿಯನ್ನು ಪಾವಿನ ತಳದಲ್ಲೇ ಬರೆದಿಡಬಹುದು. ಅಮ್ಮ ಅಕ್ಕಿ ಅಳೆಯುವಾಗ ಮಟ್ಟ ಹೊಡೆದು ಹಾಕುತ್ತಾರೋ, ಗೋಪುರ ಬರುವಂತೆ ಹಾಕುತ್ತಾರೋ ಅದನ್ನೂ ನೋಡಿಕೊಳ್ಳಿ. "ಅಕ್ಕಿ ಮೇಲೆ ಒಂದು ಗೆಣ್ಣು ನೀರು" ಎನ್ನುವವರ ಬೆರಳಿನ ಗೆಣ್ಣನ್ನು ಸ್ಕೇಲಿಟ್ಟು ಅಳೆಯಿರಿ, ಆದರೆ ಪಾತ್ರೆಯ ಅಗಲವನ್ನೂ ಬರೆಯಿರಿ. ಅಗಲ ತಳದ ಪಾತ್ರೆಯಲ್ಲಿ ಒಂದು ಗೆಣ್ಣು ಎಂದರೆ ಬಹಳ ನೀರು, ಅನ್ನ ಮುದ್ದೆಯಾಗುತ್ತದೆ. ಅಮ್ಮನ ಗೆಣ್ಣು ಅಮ್ಮನ ಪಾತ್ರೆಗೆ ಮಾತ್ರ ಸರಿ.

ಒಂದು ಸಾರಿನಪುಡಿಯನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಎಷ್ಟು ಸೂಕ್ಷ್ಮದ ಕೆಲಸ ಎಂದು ಗೊತ್ತಾಗುತ್ತದೆ. ಹಳೇ ಮೈಸೂರಿನ ಕಡೆ ವರ್ಷದ ಪುಡಿಗೆ ಕೈ ಹಾಕುವುದು ಶಿವರಾತ್ರಿ ಕಳೆದ ಮೇಲೆ. ಆಗ ಹೊಸ ಬೆಳೆಯ ಮೆಣಸಿನಕಾಯಿ ಮಾರುಕಟ್ಟೆಗೆ ಬಂದಿರುತ್ತದೆ, ಬಿಸಿಲೂ ಚುರುಕಾಗಿರುತ್ತದೆ. ಬಣ್ಣಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ, ಖಾರಕ್ಕೆ ಗುಂಟೂರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಅದರ ಎರಡು ಬಗೆಗಳಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ಕೈಯಲ್ಲಿ ಹಿಡಿದೇ ಹೇಳುವ ಗೃಹಿಣಿಯರು ಅದಕ್ಕೂ ಮುಂಚಿನಿಂದ ಇದ್ದಾರೆ. ಕಡ್ಡಿ ಉದ್ದ, ಸುಕ್ಕು ಹೆಚ್ಚು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ.

ಸುಮಾರು 600 ಗ್ರಾಂ ಪುಡಿಗೆ ಒಂದು ಒಳ್ಳೆಯ ಲೆಕ್ಕ ಹೀಗಿದೆ: ತೊಟ್ಟು ತೆಗೆದ ಬ್ಯಾಡಗಿ 200 ಗ್ರಾಂ, ಗುಂಟೂರು 50, ಕೊತ್ತಂಬರಿ ಬೀಜ 250, ಜೀರಿಗೆ 50, ಕಾಳುಮೆಣಸು 25, ಮೆಂತ್ಯ 20, ಸಾಸಿವೆ 15, ಇಂಗು 5 ಗ್ರಾಂ, ಒಂದು ಸಣ್ಣ ಅರಿಶಿನದ ಕೊಂಬು, ಎರಡು ಹಿಡಿ ಕರಿಬೇವು. ನಿಮ್ಮಮ್ಮನ ಲೆಕ್ಕ ಇದಕ್ಕಿಂತ ಬೇರೆಯಿರುತ್ತದೆ, ಇರಬೇಕು. ಮೆಣಸಿನಕಾಯಿಯನ್ನು ತೊಟ್ಟು ತೆಗೆದ ಮೇಲೆ ತೂಗಿದ್ದೋ ಮುಂಚೆಯೋ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆದುಕೊಳ್ಳಿ.

ಮೆಣಸಿನಕಾಯಿಗೆ ಎರಡು ಮೂರು ದಿನದ ಬಿಸಿಲು ಬೇಕು. ಅಲುಗಿಸಿದರೆ ಒಳಗೆ ಬೀಜ ಗಿಲಕಿಯಂತೆ ಸದ್ದು ಮಾಡಬೇಕು, ಬಗ್ಗಿಸಿದರೆ ಪಟ್ಟೆಂದು ಮುರಿಯಬೇಕು. ಕರಿಬೇವನ್ನು ತೊಳೆದು ನೆರಳಲ್ಲಿ ಎರಡು ದಿನ ಆರಿಸಬೇಕು. ಹುರಿಯುವಾಗ ಒಂದೊಂದನ್ನೂ ಬೇರೆಯಾಗಿಯೇ ಹುರಿಯಬೇಕು, ಏಕೆಂದರೆ ಜೀರಿಗೆಗೆ ಒಂದು ನಿಮಿಷ ಸಾಕು, ಕೊತ್ತಂಬರಿಗೆ ಐದಾರು ನಿಮಿಷ ಬೇಕು. ಒಟ್ಟಿಗೆ ಹಾಕಿದರೆ ಒಂದು ಹಸಿಯಾಗಿ ಉಳಿಯುತ್ತದೆ, ಇನ್ನೊಂದು ಸೀಯುತ್ತದೆ. ಸಾಸಿವೆ ಸಿಡಿಯಬೇಕು, ಕಾಳುಮೆಣಸು ಉಬ್ಬಬೇಕು. ಕೊತ್ತಂಬರಿ ಆದದ್ದು ಮೂಗಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ: ನೀರಿನಂಶ ಹೋದ ಹಾಗೆ ಬಾಣಲೆಯಲ್ಲಿ ಅದರ ಸದ್ದು ಹಗುರಾಗುತ್ತದೆ. ಮೆಣಸಿನಕಾಯಿಯನ್ನು ಅರ್ಧ ಚಮಚ ಹರಳೆಣ್ಣೆ ಸವರಿ ಸಣ್ಣ ಉರಿಯಲ್ಲಿ ಗರಿಗರಿ ಮಾಡಿದರೆ ಘಾಟು ಕಡಿಮೆ, ಬಣ್ಣವೂ ಉಳಿಯುತ್ತದೆ.

ಇಡೀ ಪುಡಿಯನ್ನು ಕೆಡಿಸುವ ಶಕ್ತಿ ಇರುವುದು ಆ 20 ಗ್ರಾಂ ಮೆಂತ್ಯಕ್ಕೆ. ಹೊಂಬಣ್ಣ ಬಂದ ಕೂಡಲೇ ಬಾಣಲೆಯಿಂದ ತೆಗೆದು ತಟ್ಟೆಗೆ ಸುರಿಯಬೇಕು. ಒಲೆ ಆರಿಸಿ ಅಲ್ಲೇ ಬಿಟ್ಟರೆ ಬಾಣಲೆಯ ಕಾವಿಗೇ ಕೆಂಪಗಾಗಿ ಕಹಿಯಾಗುತ್ತದೆ. ಆ ಕಹಿಗೆ ಆಮೇಲೆ ಬೆಲ್ಲ, ಹುಣಸೆ ಯಾವುದೂ ಮದ್ದಲ್ಲ. ವರ್ಷಪೂರ್ತಿ ಸಾರು ಕಹಿ. "ಮೆಂತ್ಯ ಹುರಿಯುವಾಗ ಮಾತಾಡಿಸಬೇಡ" ಎಂದು ಅಮ್ಮಂದಿರು ಗದರುವುದು ಇದಕ್ಕೇ.

ಗಿರಣಿಯಲ್ಲಿ ಮೊದಲು ಬಿದ್ದ ಹಿಡಿ ಪುಡಿಯನ್ನು ಪಕ್ಕಕ್ಕೆ ತೆಗೆದಿಡಬೇಕು. ಅದರಲ್ಲಿ ಮುಂಚಿನವರ ಕಡಲೆಯೋ, ಅರಿಶಿನವೋ ಸೇರಿರುತ್ತದೆ. ಪುಡಿ ಬಿಸಿಯಾಗಿಯೇ ಹೊರಗೆ ಬರುತ್ತದೆ. ಮನೆಗೆ ತಂದ ಕೂಡಲೇ ಭರಣಿಗೆ ತುಂಬಿದರೆ ಆವಿ ಮುಚ್ಚಳಕ್ಕೆ ಕಟ್ಟಿ, ಪುಡಿ ಗಂಟಾಗಿ, ಮಳೆಗಾಲದ ಹೊತ್ತಿಗೆ ಬೂಷ್ಟು ಬರುತ್ತದೆ. ಒಗೆದ ಪಂಚೆಯ ಮೇಲೆ ಹರಡಿ ಪೂರ್ತಿ ಆರಿಸಿ ತುಂಬಬೇಕು. ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ ಇಡಬೇಕು. ಅದನ್ನು ಕುದಿಯುವ ಸಾರಿನ ಮೇಲೆ ಹಿಡಿದು ಚಮಚ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಪುಡಿ ಮುಗ್ಗಲು ಹಿಡಿಯುವುದೂ ಅಲ್ಲಿಂದಲೇ. ಇಷ್ಟೂ ವಿವರ ಸೇರಿ ಒಂದು ಮಧ್ಯಾಹ್ನದ ಸಾರು.

ಸಾಗರ, ಸಿದ್ದಾಪುರ, ಶಿರಸಿಯ ಕಡೆ ಇದೇ ಗೌರವ ಮಿಡಿ ಉಪ್ಪಿನಕಾಯಿಯದು. ಅಲ್ಲಿಯ ಹೆಂಗಸರು ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ಯಾವ ಮರದ್ದು ಎಂದು ಹೇಳಬಲ್ಲರು. ಬರೆದಿಡಬೇಕಾದ್ದು ಆ ಮೂಗಿನ ಜ್ಞಾನವನ್ನು: ಯಾವ ಹೊಳೆದಂಡೆಯ ಯಾವ ಮರ, ಯಾವ ವಾರ ಕೊಯ್ಯುತ್ತಿದ್ದರು, ಯಾರು ಮರ ಹತ್ತುತ್ತಿದ್ದರು. ಸಾಮಾನ್ಯ ಲೆಕ್ಕ ಒಂದು ಕಿಲೋ ಮಿಡಿಗೆ ಕಾಲು ಕಿಲೋ ಕಲ್ಲುಪ್ಪು. ಮಿಡಿ ಚಿರುಟುವ ತನಕ, ಹತ್ತು ಹದಿನೈದು ದಿನ, ದಿನಕ್ಕೊಮ್ಮೆ ಕುಲುಕಬೇಕು. ಉಪ್ಪುನೀರನ್ನು ಬಸಿದು ಕುದಿಸಿ, ಪೂರ್ತಿ ತಣಿದ ಮೇಲೆ ಮಸಾಲೆ ಅರೆಯಬೇಕು. ನೆಲಕ್ಕೆ ಬಿದ್ದ ಮಿಡಿ ಒಂದು ಸೇರಿದರೂ ಅದು ಮೆತ್ತಗಾಗಿ ಪಕ್ಕದವನ್ನು ಕೆಡಿಸುತ್ತದೆ. ತೊಟ್ಟು ಬುಡಕ್ಕೇ ಕಿತ್ತರೆ ಸೊನೆ ಹರಿದುಹೋಗಿ ಪರಿಮಳವೇ ಇರುವುದಿಲ್ಲ. ಮಿಡಿ ನೀರಿನ ಮೇಲೆ ತೇಲಿದರೆ ಗಾಳಿ ತಾಗಿ ಬಿಳಿ ಪೊರೆ ಕಟ್ಟುತ್ತದೆ, ಅದಕ್ಕೇ ಜಾಡಿಯ ಬಾಯಿಗೆ ಭಾರ ಇಡುವುದು.

ಅಮ್ಮ ಈಗಾಗಲೇ ಹೋಗಿದ್ದರೆ? ಆಗಲೂ ಮನೆಯಲ್ಲಿ ಅವರ ಬರವಣಿಗೆ ಇದೆ, ಓದುವ ಕಣ್ಣು ಬೇಕು. ಮೊದಲು ಪಾತ್ರೆಗಳನ್ನು ನೋಡಿ. ನಮ್ಮಲ್ಲಿ ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ಕೊಟ್ಟ ಪಾತ್ರೆಯ ಮೇಲೆ ಹೆಸರು, ತಾರೀಖು ಹಾಕಿಸುವ ರೂಢಿ ಇದೆಯಲ್ಲ. ಹಳೆಯ ಹಿತ್ತಾಳೆಯ ಮೇಲೆ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಹೊಡೆದ ಅಕ್ಷರ, ಸ್ಟೀಲಿನ ಮೇಲೆ ಯಂತ್ರದ ಅಕ್ಷರ. ಉಜ್ಜಿ ಉಜ್ಜಿ ಸವೆದಿದ್ದರೆ ಒಣ ಅಕ್ಕಿಹಿಟ್ಟನ್ನು ಅದರ ಮೇಲೆ ಬೆರಳಿನಲ್ಲಿ ತೀಡಿ, ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಗೀರಿನೊಳಗೆ ಹಿಟ್ಟು ಉಳಿದು ಅಕ್ಷರ ಎದ್ದು ಕಾಣುತ್ತದೆ. ಫೋಟೋ ತೆಗೆಯುವಾಗ ಬೆಳಕು ಮೇಲಿನಿಂದ ಬೇಡ, ಪಕ್ಕದಿಂದ ಬೀಳಲಿ. ಎಲ್ಲ ಪಾತ್ರೆಗಳ ಹೆಸರು ತಾರೀಖನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಅಮ್ಮನ ಬದುಕಿನ ಒಂದು ಚರಿತ್ರೆಯೇ ಸಿಗುತ್ತದೆ: ಮದುವೆಗೆ ತವರಿನಿಂದ ಬಂದದ್ದು ಯಾವುದು, ಸೋದರಮಾವ ಕೊಟ್ಟದ್ದು ಯಾವುದು, ಯಾವ ವರ್ಷ ಹಿತ್ತಾಳೆ ನಿಂತು ಸ್ಟೀಲು ಶುರುವಾಯಿತು. ಹಳೆಯ ಪಾತ್ರೆಯನ್ನು ತೂಕಕ್ಕೆ ಹಾಕಿ ಹೊಸದು ತರುವವರು ಈ ಕೆಲಸ ಮುಗಿಸಿ ಹಾಕಲಿ. ಸೌಟನ್ನೂ ನೋಡಿ. ಒಂದೇ ಕಡೆ ಸವೆದ ಅಂಚು ಅವರು ಯಾವ ಕೈಯಲ್ಲಿ, ಯಾವ ಓರೆಯಲ್ಲಿ ತಿರುವುತ್ತಿದ್ದರು ಎಂದು ಹೇಳುತ್ತದೆ.

ಆಮೇಲೆ ಗೋಡೆಯ ಕ್ಯಾಲೆಂಡರು. ತಾರೀಖಿನ ಚೌಕದಲ್ಲಿ ಹಾಲು ಬಾರದ ದಿನಕ್ಕೆ ಅಡ್ಡಗೀರು, ಸಿಲಿಂಡರು ಹಚ್ಚಿದ ದಿನ, ಚೀಟಿ ಕಟ್ಟಿದ ದಿನ, ಮಾತ್ರೆ ಬದಲಾದ ದಿನ. ಮನೆಯನ್ನು ನಡೆಸಿದವರು ಬರೆದ ದಿನಚರಿ ಎಂದರೆ ಇದೇ. 14.2 ಕಿಲೋ ಗ್ಯಾಸು ಯಾವ ತಿಂಗಳು 40 ದಿನ ಬಂತು, ಯಾವ ತಿಂಗಳು 25 ದಿನಕ್ಕೇ ಮುಗಿಯಿತು ಎಂದು ಎಣಿಸಿದರೆ ಮನೆಗೆ ಯಾವಾಗ ನೆಂಟರು ಬಂದಿದ್ದರು, ಯಾವಾಗ ಬಾಣಂತಿಯ ಬಿಸಿನೀರು ಕಾಯುತ್ತಿತ್ತು ಎನ್ನುವುದು ತಿಳಿಯುತ್ತದೆ. ವರ್ಷ ಮುಗಿದ ಕೂಡಲೇ ಇವನ್ನು ಹಳೇ ಪೇಪರಿನ ಜೊತೆ ಹಾಕುತ್ತೇವೆ. ಹಾಕುವ ಮುಂಚೆ ಹನ್ನೆರಡು ಹಾಳೆಗೂ ಒಂದೊಂದು ಫೋಟೋ ತೆಗೆಯಲು ಹತ್ತು ನಿಮಿಷ ಸಾಕು.

ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ಸೀರೆಯ ಮಡಿಕೆ, ದೇವರ ಮನೆಯ ಗೂಡು, ಇವನ್ನು ಯಾರಿಗೂ ಕೊಡುವ ಮುನ್ನ ಪೂರ್ತಿ ತೆಗೆದು ನೋಡಬೇಕು. ಅಂಚೆ ಕಚೇರಿಯ ಪಾಸುಬುಕ್ಕು, ಚೀಟಿಯ ರಸೀದಿ, ಚಿನ್ನ ಅಡವಿಟ್ಟ ಕಾಗದ ಅಲ್ಲೇ ಇರುತ್ತವೆ. 2016ರ ನವೆಂಬರಿನಲ್ಲಿ ರದ್ದಾದ 500, 1,000ದ ನೋಟುಗಳು ಈಗಲೂ ಸಿಗುವುದುಂಟು. ಅವನ್ನು ನೆನಪಿಗೆಂದು ಇಟ್ಟುಕೊಳ್ಳುವುದಾದರೆ ಎಲ್ಲ ಸೇರಿ ಹತ್ತಕ್ಕಿಂತ ಹೆಚ್ಚು ಇರಬಾರದು ಎನ್ನುತ್ತದೆ 2017ರ ಕಾಯ್ದೆ.

ಧಾರವಾಡ, ಬೆಳಗಾವಿಯ ಕಡೆ ಅವ್ವನ ನೆನಪೆಂದರೆ ಕೌದಿ. ಹಳೆಯ ಸೀರೆಗಳನ್ನು ಪದರ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಸಾಲಾಗಿ ಹೊಲಿಗೆ ಹಾಕುತ್ತಾರೆ. ಆ ತುಂಡುಗಳಲ್ಲಿ ಮನೆಯವರೆಲ್ಲ ಇರುತ್ತಾರೆ: ಅಪ್ಪನ ಅಂಗಿ, ಮಗುವಿನ ಲಂಗ, ಅಜ್ಜಿಯ ಇಳಕಲ್ ಸೀರೆಯ ದಡಿ. ಅವ್ವ ಇರುವಾಗಲೇ ಕೌದಿಯನ್ನು ಅಂಗಳದಲ್ಲಿ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, "ಅವ್ವಾ, ಇದು ಯಾರದು?" ಎಂದು ಒಂದೊಂದೇ ತುಂಡಿನ ಫೋಟೋ ತೆಗೆಯುತ್ತ ಕೇಳಿ. ಇಲ್ಲದಿದ್ದರೆ ಮುಂದೆ ಅದು ಬರೀ ಬಣ್ಣದ ಬಟ್ಟೆ. ಹಳೆಯ ಕೌದಿಯನ್ನು ವಾಷಿಂಗ್ ಮಷೀನಿಗೆ ಹಾಕಲೇಬೇಡಿ. ಮೇಲಿನ ಬಟ್ಟೆ ಹರಿಯುವುದು ಕೊಳೆಯಿಂದಲ್ಲ, ನೆನೆದ ನೀರಿನ ಭಾರದಿಂದ. ಅಗಲ ಟಬ್ಬಿನಲ್ಲಿ ತಣ್ಣೀರಲ್ಲಿ ನೆನೆಸಿ, ಹಿಂಡದೆ ಅಂಗೈಯಲ್ಲಿ ಒತ್ತಿ ನೀರು ತೆಗೆದು, ಹಗ್ಗಕ್ಕೆ ನೇತುಹಾಕದೆ ಚಾಪೆಯ ಮೇಲೆ ನೆರಳಲ್ಲಿ ಹಾಸಬೇಕು. ರೇಷ್ಮೆ ಸೀರೆಯಾದರೆ ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲಿಯೇ ಕತ್ತರಿಸುತ್ತದೆ.

ಹಾಡುಗಳ ಬಗ್ಗೆ ಒಂದೇ ಮಾತು. "ಒಂದು ಹಾಡು ಹೇಳಮ್ಮ" ಎಂದು ಮೊಬೈಲು ಹಿಡಿದರೆ ಎರಡು ಸಾಲಿಗೆ ಮರೆತುಹೋಗುತ್ತದೆ. ಹಾಡು ಇರುವುದು ಕೆಲಸದ ಜೊತೆಯಲ್ಲಿ. ಆರತಿ ಹಾಡಿಗೆ ಆರತಿ ತಟ್ಟೆ ಕೈಗೆ ಕೊಡಿ, ತೊಟ್ಟಿಲ ಹಾಡಿಗೆ ಮಗುವನ್ನು ಮಡಿಲಲ್ಲಿ ಮಲಗಿಸಿ. ಸಾಲುಗಳು ತಾವಾಗಿ ಬರುತ್ತವೆ. ಫ್ಯಾನು ಆರಿಸಿ, ಮೊಬೈಲನ್ನು ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲಿನ ಮೇಲಿಡಿ. ಯಾವ ಶಾಸ್ತ್ರಕ್ಕೆ, ಯಾವ ಹೊತ್ತಿಗೆ ಹಾಡುವುದು ಎಂಬುದನ್ನು ಅವರ ದನಿಯಲ್ಲೇ ಹೇಳಿಸಿ.

ಕೊನೆಯದಾಗಿ ಹೆಪ್ಪು. ಮನೆಯಲ್ಲಿ ಅಮ್ಮ ಬಿಟ್ಟುಹೋಗುವ ವಸ್ತುಗಳಲ್ಲಿ ಇನ್ನೂ ಜೀವ ಇರುವುದು ಅದೊಂದಕ್ಕೇ. ಕರ್ಮದ ಗಡಿಬಿಡಿಯಲ್ಲಿ ಮನೆಯಲ್ಲಿ ಒಲೆ ಹಚ್ಚದೆ, ಫ್ರಿಜ್ಜಿನಲ್ಲಿದ್ದ ಮೊಸರನ್ನು ಯಾರೋ ಚೆಲ್ಲಿ, ಹದಿನೈದನೇ ದಿನಕ್ಕೆ ಅಂಗಡಿಯ ಮೊಸರಿನಿಂದ ಹೆಪ್ಪು ಹಾಕುವ ಮನೆಗಳೇ ಹೆಚ್ಚು. ಒಂದು ಸಣ್ಣ ಡಬ್ಬಿಯಲ್ಲಿ ಎರಡು ಚಮಚ ಮೊಸರನ್ನು ಮೊದಲ ದಿನವೇ ಪಕ್ಕದ ಮನೆಯವರಿಗೆ ಕೊಟ್ಟು, "ಇದರಿಂದ ದಿನಾ ಹಾಕ್ತಾ ಇರಿ" ಎಂದರೆ ಸಾಕು. ಕುದಿಸಿದ ಅರ್ಧ ಲೀಟರು ಹಾಲು ಕಿರುಬೆರಳು ತಾಳುವಷ್ಟು ಬೆಚ್ಚಗಾದಾಗ ಒಂದು ಚಮಚ ಹೆಪ್ಪು. ಅದಕ್ಕಿಂತ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ, ತೀರ ತಣ್ಣಗಿದ್ದರೆ ಮೊಸರು ಗಟ್ಟಿಯಾಗದೆ ಲೋಳೆಯಾಗುತ್ತದೆ. ಬೇಸಿಗೆಯಲ್ಲಿ ಐದಾರು ಗಂಟೆ, ಡಿಸೆಂಬರಿನ ಚಳಿಯಲ್ಲಿ ಪಾತ್ರೆಗೆ ಟವೆಲು ಸುತ್ತಿ ರಾತ್ರಿಯಿಡೀ. ಹದಿಮೂರು ದಿನ ಕಳೆದ ಮೇಲೆ ಆ ಡಬ್ಬಿಯನ್ನು ತಂದು ಅಣ್ಣನ ಮನೆಗೊಂದು ಚಮಚ, ತಂಗಿಯ ಮನೆಗೊಂದು ಚಮಚ ಹಂಚಿಕೊಳ್ಳಿ. ಒಬ್ಬರ ಮನೆಯಲ್ಲಿ ಕೆಟ್ಟರೆ ಇನ್ನೊಬ್ಬರ ಮನೆಯಿಂದ ತರಬಹುದು.